ಊರ ತಿಪ್ಪೆ, ಊರ ಆರೋಗ್ಯ

(ಡೀಮೆನ್‌ನಲ್ಲಿ ಕನ್ನಡ ಬಳಗದ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಪಾಠ)



ಕನ್ನಡ ಬಳಗದ ವೇದಿಕೆಗೆ ವೈದ್ಯನೊಬ್ಬನನ್ನು ಆಹ್ವಾನಿಸಿದಾಗ ರಕ್ತದೊತ್ತಡ, ಮಧುಮೇಹ, ಕೊಬ್ಬಿನಂಶ ಇವುಗಳ ಕುರಿತು ಉಪದೇಶ ಸಿಗುವುದೆಂದು ಸಭಿಕರು ನಿರೀಕ್ಷಿಸುವುದು ಸಹಜ. ಆದರೆ ಈ ದಿನ ನಾನು ಆರಿಸಿಕೊಂಡಿರುವ ವಿಷಯ ತಿಪ್ಪೆ. ಹೌದು, ನಮ್ಮ ಹಿರಿಯರ ಮನೆಯ ಹಿತ್ತಲಿನಲ್ಲಿದ್ದ, ನಮ್ಮಲ್ಲಿ ಅನೇಕರು ಮೂಗು ಮುಚ್ಚಿಕೊಂಡು ದಾಟಿ ಬಂದ ಅದೇ ತಿಪ್ಪೆ. ಹೊಲ ತೋಟಗಳ ಕಸವನ್ನೂ ಅಡಿಗೆಮನೆಯ ಸಿಪ್ಪೆಯನ್ನೂ ಒಂದು ಬೀದಿಯವರು, ಒಂದು ಊರಿನವರು ಸೇರಿ ಗೊಬ್ಬರ ಮಾಡುವ ಕೆಲಸಕ್ಕೆ ಇಂದು ಜಗತ್ತಿನಾದ್ಯಂತ ಗೌರವ ಬಂದಿದೆ. ಅದನ್ನು ಪರಿಸರದ ವಿಷಯವೆಂದು ಎಲ್ಲರೂ ಒಪ್ಪುತ್ತಾರೆ. ಅದು ಆರೋಗ್ಯದ ವಿಷಯವೂ ಹೌದು ಎಂಬುದನ್ನು ನಿಮ್ಮ ಮುಂದಿಡುವುದು ನನ್ನ ಉದ್ದೇಶ.

ನಾನು ಹೇಳಬೇಕೆಂದಿರುವ ಮಾತು ಒಂದೇ. ಒಂದೇ ಬಾಳೆಹಣ್ಣಿನ ಸಿಪ್ಪೆ ಒಂದು ಕಡೆ ಗೊಬ್ಬರವಾಗುತ್ತದೆ, ಇನ್ನೊಂದು ಕಡೆ ರೋಗದ ಮೂಲವಾಗುತ್ತದೆ. ಈ ವ್ಯತ್ಯಾಸವನ್ನು ನಿರ್ಧರಿಸುವುದು ಯಂತ್ರವೂ ಅಲ್ಲ, ಹಣವೂ ಅಲ್ಲ. ಸಿಪ್ಪೆಯನ್ನು ಎಸೆಯುವ ಕೈ ಅದನ್ನು ಮಿಕ್ಕ ಕಸದಿಂದ ಬೇರೆ ಮಾಡಿತೇ ಇಲ್ಲವೇ ಎಂಬುದೇ ಎಲ್ಲವನ್ನೂ ನಿರ್ಧರಿಸುತ್ತದೆ.

ಹಿತ್ತಲಿನ ಸಂಪತ್ತು

ನಮ್ಮ ನಾಡಿನಲ್ಲಿ ತಿಪ್ಪೆಗೆ ಎಂದೂ ಅವಮಾನವಿರಲಿಲ್ಲ. ತಿಪ್ಪೆ ಹೋಗಿ ಉಪ್ಪರಿಗೆಯಾಗಬಹುದು, ಉಪ್ಪರಿಗೆ ಹೋಗಿ ತಿಪ್ಪೆಯಾಗಬಹುದು ಎಂಬ ಗಾದೆಯನ್ನು ನೀವೆಲ್ಲ ಕೇಳಿದ್ದೀರಿ. ದೀಪಾವಳಿಯಲ್ಲಿ ತಿಪ್ಪೆಯ ಮೇಲೂ ಒಂದು ಹಣತೆ ಹಚ್ಚಿಡುವ ಮನೆಗಳುಂಟು. ತಿಪ್ಪಣ್ಣ, ತಿಪ್ಪಮ್ಮ, ತಿಪ್ಪೇಸ್ವಾಮಿ ಎಂಬ ಹೆಸರುಗಳು ಚಿತ್ರದುರ್ಗದ ಕಡೆ ಇಂದಿಗೂ ಬಳಕೆಯಲ್ಲಿವೆ. ಆ ಜಿಲ್ಲೆಯ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಜಾತ್ರೆಗೆ ಸಹಸ್ರಾರು ಜನ ಸೇರುತ್ತಾರೆ. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಹೊಸ ಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ ತಿಪ್ಪಣ್ಣನೆಂದು ಹೆಸರಿಡುವ ವಾಡಿಕೆಯೂ ಇತ್ತು.

ಮಲೆನಾಡಿನ ಅಡಿಕೆ ತೋಟಿಗರು ಸೊಪ್ಪಿನಬೆಟ್ಟದಿಂದ ಹಸಿಸೊಪ್ಪನ್ನೂ ತರಗೆಲೆಯನ್ನೂ ತಂದು ಕೊಟ್ಟಿಗೆಯಲ್ಲಿ ಹಾಸುತ್ತಿದ್ದರು. ದನಗಳು ಅದನ್ನು ತುಳಿದು, ಸಗಣಿ ಗಂಜಲ ಬೆರೆತು, ಗೊಬ್ಬರಗುಂಡಿ ಸೇರಿ, ವರ್ಷ ತಿರುಗುವಷ್ಟರಲ್ಲಿ ಅದು ಮರಗಳ ಬುಡಕ್ಕೆ ಬೀಳುತ್ತಿತ್ತು. ಬಯಲುಸೀಮೆಯಲ್ಲಿ ರಾಗಿ ಹೊಲಕ್ಕೆ ಯುಗಾದಿಯ ಆಸುಪಾಸಿನಲ್ಲಿ ಗಾಡಿಗಟ್ಟಲೆ ಗೊಬ್ಬರ ಹೊಡೆಯುತ್ತಿದ್ದರು. ಕಸ ಎಂಬ ಪದಕ್ಕೆ ಇಂದು ನಾವು ಕೊಡುವ ಅರ್ಥ ಆ ಬದುಕಿನಲ್ಲಿ ಇರಲೇ ಇಲ್ಲ.

ಹಾಗೆಂದು ಹಳೆಯದೆಲ್ಲವೂ ನಿರ್ಮಲವಾಗಿತ್ತೆಂದು ವೈದ್ಯನಾದವನು ಹೇಳಲಾರ. ಬಾವಿಯ ಪಕ್ಕದಲ್ಲಿಯೇ ತಿಪ್ಪೆ ಇರುತ್ತಿದ್ದ ಊರುಗಳಲ್ಲಿ ವಾಂತಿಭೇದಿಗೆ ಬಿಡುವಿರಲಿಲ್ಲ. ಹೊಕ್ಕುಳಬಳ್ಳಿಗೆ ಸಗಣಿ ಮೆತ್ತುತ್ತಿದ್ದ ಕಡೆಗಳಲ್ಲಿ ಎಳೆಗೂಸುಗಳು ಧನುರ್ವಾಯುವಿಗೆ ಬಲಿಯಾದವು. ಗರ್ಭಿಣಿಯರಿಗೆ ಚುಚ್ಚುಮದ್ದು, ಶುಚಿಯಾದ ಹೆರಿಗೆ ಇವುಗಳ ಫಲವಾಗಿ ಬಾಣಂತಿಯರ ಹಾಗೂ ನವಜಾತ ಶಿಶುಗಳ ಧನುರ್ವಾಯು ಭಾರತದಲ್ಲಿ ನಿರ್ಮೂಲವಾಯಿತೆಂದು ಘೋಷಣೆಯಾದದ್ದು 2015ರಲ್ಲಿ. ಮಕ್ಕಳನ್ನು ಕಳೆದುಕೊಂಡ ಮನೆಗಳೇ ಕೂಸನ್ನು ತಿಪ್ಪೆಗೆ ಒಪ್ಪಿಸುತ್ತಿದ್ದವು ಎಂಬುದನ್ನು ನೆನೆದಾಗ ಮನಸ್ಸು ಕಲಕುತ್ತದೆ. ಆದುದರಿಂದ ನಾನು ಹೊಗಳುವುದು ಕುರುಡು ಹಳಮೆಯನ್ನಲ್ಲ, ತಿಳಿವಳಿಕೆಯಿಂದ ಕಟ್ಟಿದ ತಿಪ್ಪೆಯನ್ನು.

ತಿಪ್ಪೆಯೊಳಗಿನ ಜ್ವರ

ಈ ತಿಳಿವಳಿಕೆಯ ಎರಡು ಮುಖ್ಯ ಪದ್ಧತಿಗಳು ನಮ್ಮ ದೇಶದಲ್ಲಿಯೇ ರೂಪುಗೊಂಡವೆಂಬುದು ನಮ್ಮ ಮಕ್ಕಳಿಗೆ ತಿಳಿದಿರಬೇಕು. ಇಂಗ್ಲೆಂಡಿನಿಂದ ಬಂದ ಸಸ್ಯವಿಜ್ಞಾನಿ ಆಲ್ಬರ್ಟ್ ಹೋವರ್ಡ್ ಅವರು 1924ರಿಂದ 1931ರವರೆಗೆ ಇಂದೋರಿನಲ್ಲಿ ಕೆಲಸ ಮಾಡಿ, ಭಾರತದ ರೈತರ ಅನುಭವವನ್ನೂ ಚೀನೀಯರ ಅನುಭವವನ್ನೂ ಅಭ್ಯಸಿಸಿ, ಸಹೋದ್ಯೋಗಿ ಯಶವಂತ ವಾಡ್ ಅವರೊಡಗೂಡಿ ಇಂದೋರ್ ಪದ್ಧತಿಯನ್ನು ರೂಪಿಸಿದರು. ಕೃಷಿಯ ಕಸ, ಸಗಣಿ, ಮಣ್ಣು, ಬೂದಿ ಇವುಗಳನ್ನು ಪದರಪದರವಾಗಿ ಹಾಕಿ, ನೀರು ಚಿಮುಕಿಸಿ, ಆಗಾಗ ಮಗುಚಿ ಗಾಳಿಯಾಡಿಸಿದರೆ ಮೂರು ತಿಂಗಳಲ್ಲಿ ಗೊಬ್ಬರ ಸಿದ್ಧ. ಎರಡನೆಯದು ನಮ್ಮ ಬೆಂಗಳೂರಿನದೇ. 1939ರಲ್ಲಿ ಭಾರತೀಯ ವಿಜ್ಞಾನ ಮಂದಿರದಲ್ಲಿ ಸಿ.ಎನ್. ಆಚಾರ್ಯ ಅವರು ರೂಪಿಸಿದ ವಿಧಾನ ಕೃಷಿಶಾಸ್ತ್ರದ ಪುಸ್ತಕಗಳಲ್ಲಿ ಬೆಂಗಳೂರು ಪದ್ಧತಿ ಎಂದೇ ಹೆಸರಾಗಿದೆ. ಊರಿನ ಕಸವನ್ನೂ ಮಲವನ್ನೂ ಗುಂಡಿಯಲ್ಲಿ ಒಂದರ ಮೇಲೊಂದು ಪದರವಾಗಿ ಹಾಕಿ, ಮೇಲೆ ಮಣ್ಣು ಮುಚ್ಚಿ, ಮಗುಚದೆ ತಿಂಗಳುಗಟ್ಟಲೆ ಬಿಡುವ ಕ್ರಮ ಅದು. ಕೂಲಿ ಕಡಿಮೆ, ನೊಣ ಕಡಿಮೆ, ಕಾಯುವ ಕಾಲ ಮಾತ್ರ ಹೆಚ್ಚು.

ತಿಪ್ಪೆಯೊಳಗೆ ನಡೆಯುವುದೇನು? ಕೋಟ್ಯಂತರ ಸೂಕ್ಷ್ಮಜೀವಿಗಳು ಅಲ್ಲಿ ಉಣ್ಣುತ್ತವೆ. ಅವುಗಳಿಗೆ ಶಕ್ತಿಗಾಗಿ ಇಂಗಾಲ ಬೇಕು, ಮೈ ಬೆಳೆಸಿಕೊಳ್ಳಲು ಸಾರಜನಕ ಬೇಕು. ಒಣ ಎಲೆ, ಹುಲ್ಲು, ಮರದ ಪುಡಿಗಳಲ್ಲಿ ಇಂಗಾಲ ಹೆಚ್ಚು. ಹಸಿಸೊಪ್ಪು, ತರಕಾರಿ ಸಿಪ್ಪೆ, ಸಗಣಿಗಳಲ್ಲಿ ಸಾರಜನಕ ಹೆಚ್ಚು. ಸಾರಜನಕದ ಒಂದು ಪಾಲಿಗೆ ಇಂಗಾಲದ ಇಪ್ಪತ್ತೈದರಿಂದ ಮೂವತ್ತು ಪಾಲು ಇದ್ದರೆ ಆ ಊಟ ಹದವಾಗಿರುತ್ತದೆ. ಹಿಂಡಿದ ಬಟ್ಟೆಯಷ್ಟು ತೇವ, ಧಾರಾಳವಾಗಿ ಗಾಳಿ ದೊರೆತರೆ ರಾಶಿಗೆ ಜ್ವರ ಬರುತ್ತದೆ. ಒಳಗಿನ ಉಷ್ಣತೆ 55 ಡಿಗ್ರಿ ಸೆಲ್ಸಿಯಸ್ ದಾಟಿ ಕೆಲವು ದಿನ ನಿಂತರೆ ಬಹುಪಾಲು ರೋಗಾಣುಗಳೂ ಜಂತುಹುಳುವಿನ ಮೊಟ್ಟೆಗಳೂ ಕಳೆಯ ಬೀಜಗಳೂ ಸಾಯುತ್ತವೆ. ನಮ್ಮ ಮೈಗೆ ಬರುವ ಜ್ವರ ಸೋಂಕಿನೊಡನೆ ಹೋರಾಡುವಂತೆ ತಿಪ್ಪೆಯ ಜ್ವರ ತಿಪ್ಪೆಯನ್ನು ಶುದ್ಧಗೊಳಿಸುತ್ತದೆ.

ಗಾಳಿ ತಪ್ಪಿದರೆ ಕಥೆಯೇ ಬೇರೆ. ಪ್ಲಾಸ್ಟಿಕ್ ಚೀಲದೊಳಗೆ ಬಿಗಿದ, ಗುಡ್ಡೆಯಾಗಿ ಅಮುಕಿದ ಹಸಿಕಸ ಕೊಳೆತು ನಾರುತ್ತದೆ, ಕಪ್ಪು ರಸ ಸುರಿಸುತ್ತದೆ, ಮೀಥೇನ್ ಅನಿಲವನ್ನು ಬಿಡುತ್ತದೆ. ನೂರು ವರ್ಷಗಳ ಲೆಕ್ಕದಲ್ಲಿ ಈ ಅನಿಲ ಭೂಮಿಯನ್ನು ಬಿಸಿ ಮಾಡುವ ಬಲ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಇಪ್ಪತ್ತೈದು ಪಟ್ಟಿಗೂ ಹೆಚ್ಚು. ಗೊಬ್ಬರವಾದ ಕಸವಾದರೋ ಮಣ್ಣಿಗೆ ಇಂಗಾಲವನ್ನು ಮರಳಿಸುತ್ತದೆ, ನೀರನ್ನು ಹಿಡಿದಿಡುತ್ತದೆ, ರಾಸಾಯನಿಕ ಗೊಬ್ಬರದ ಹೊರೆಯನ್ನು ಇಳಿಸುತ್ತದೆ.

ತೆಂಗಿನ ಗರಿ, ಅಡಿಕೆ ಹಾಳೆ, ಕಬ್ಬಿನ ರವದಿ

ತೋಟದ ಕಸದ ಮಾತಿಗೆ ಬಂದರೆ ಕಾಸರಗೋಡನ್ನು ನೆನೆಯದೆ ಇರಲಾಗದು. ಅಂದಿನ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಸರಗೋಡಿನಲ್ಲಿ 1916ರಲ್ಲಿ ಆರಂಭವಾದ ತೆಂಗು ಸಂಶೋಧನಾ ಕೇಂದ್ರವೇ ಇಂದು ಕೇಂದ್ರೀಯ ತೋಟಬೆಳೆಗಳ ಸಂಶೋಧನಾ ಸಂಸ್ಥೆ. ತೆಂಗಿನ ಗರಿ ನಾರುಬಲದ ವಸ್ತು. ಹಾಗೆಯೇ ಬಿಟ್ಟರೆ ಬೇಗ ಕರಗದು. ಅಲ್ಲಿನ ವಿಜ್ಞಾನಿಗಳು ತಮ್ಮ ಸುತ್ತಲಿನ ಮಣ್ಣಿನಲ್ಲಿಯೇ ದೊರೆತ, ಗರಿಯನ್ನು ತಿಂದು ಅರಗಿಸಬಲ್ಲ ಎರೆಹುಳುವಿನ ಒಂದು ತಳಿಯನ್ನು ಬಳಸಿದರು. ಗರಿಯನ್ನು ತುಂಡರಿಸಿ, ಸಗಣಿ ಬೆರೆಸಿ ಕೆಲವು ವಾರ ಕೊಳೆಸಿ, ಅನಂತರ ಹುಳುಗಳನ್ನು ಬಿಟ್ಟರೆ ಎರಡೂವರೆ ಮೂರು ತಿಂಗಳಲ್ಲಿ ಹುಡಿಹುಡಿಯಾದ ಎರೆಗೊಬ್ಬರ ದೊರೆಯುತ್ತದೆ. ಇತ್ತ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ ಡಾ. ರಾಧಾ ಡಿ. ಕಾಳೆ ಅವರು ಎರೆಹುಳುವಿನ ಸಂಶೋಧನೆಗೆ ತಮ್ಮ ವೃತ್ತಿಜೀವನವನ್ನೇ ಮುಡಿಪಾಗಿಟ್ಟರು.

ಅಡಿಕೆ ಹಾಳೆಯ ವಿಷಯದಲ್ಲಿ ವೈದ್ಯನಿಗೆ ಇನ್ನೂ ಒಂದು ಆಸಕ್ತಿಯಿದೆ. ಮಳೆಗಾಲದಲ್ಲಿ ತೋಟದಲ್ಲಿ ಬಿದ್ದ ಹಾಳೆ ದೋಣಿಯಂತೆ ನೀರು ಹಿಡಿಯುತ್ತದೆ, ಆ ನೀರಿನಲ್ಲಿ ಡೆಂಗ್ಯೂ, ಚಿಕುನ್‌ಗುನ್ಯ ಹರಡುವ ಸೊಳ್ಳೆಗಳು ಮೊಟ್ಟೆಯಿಡುತ್ತವೆ. ಹಾಳೆಗಳನ್ನು ವಾರಕ್ಕೊಮ್ಮೆ ಆಯ್ದು ಗೊಬ್ಬರಗುಂಡಿಗೆ ಸೇರಿಸಿದರೆ ಮರಕ್ಕೆ ಗೊಬ್ಬರ, ಮನೆಗೆ ರಕ್ಷೆ. ಆದರೆ ಒಬ್ಬರ ತೋಟ ಚೊಕ್ಕಟವಾಗಿ ಪಕ್ಕದವರ ತೋಟದಲ್ಲಿ ಹಾಳೆಗಳು ನೀರು ತುಂಬಿ ಬಿದ್ದಿದ್ದರೆ ಸೊಳ್ಳೆಗೆ ಬೇಲಿಯ ಲೆಕ್ಕವಿಲ್ಲ. ಇದು ಊರು ಸೇರಿ ಮಾಡಬೇಕಾದ ಕೆಲಸವೆನ್ನುವುದು ಇದಕ್ಕಾಗಿಯೇ.

ಮಂಡ್ಯ, ಬೆಳಗಾವಿಗಳ ಕಬ್ಬಿನ ಗದ್ದೆಗಳಲ್ಲಿ ಕಟಾವಾದ ಮೇಲೆ ರವದಿಗೆ ಬೆಂಕಿ ಹಚ್ಚುವ ರೂಢಿ ಇನ್ನೂ ಪೂರ್ತಿಯಾಗಿ ನಿಂತಿಲ್ಲ. ಬೆಂಕಿಯಲ್ಲಿ ರವದಿಯ ಸಾರಜನಕ ಹೊಗೆಯಾಗಿ ಹಾರಿಹೋಗುತ್ತದೆ, ಮಣ್ಣಿನ ಮೇಲ್ಪದರದ ಜೀವಿಗಳು ಸುಡುತ್ತವೆ, ಹೊಗೆ ಉಬ್ಬಸದ ರೋಗಿಗಳ ಎದೆ ಸೇರುತ್ತದೆ. ಸಾಲು ಬಿಟ್ಟು ಸಾಲಿಗೆ ರವದಿಯನ್ನು ಹೊದಿಸುವ ರೈತರು ನೀರನ್ನೂ ಉಳಿಸುತ್ತಾರೆ, ಕಳೆಯನ್ನೂ ತಡೆಯುತ್ತಾರೆ.

ಬೆಂಗಳೂರು ಕಲಿತ ಕಠಿಣ ಪಾಠ

ಬೆಂಗಳೂರು ಪದ್ಧತಿಗೆ ಹೆಸರು ಕೊಟ್ಟ ನಗರ ತನ್ನ ಕಸದಲ್ಲಿಯೇ ಸಿಕ್ಕಿಕೊಂಡದ್ದು ವಿಧಿಯ ವಿಡಂಬನೆ. ನಗರದ ಕಸವನ್ನು ಗೊಬ್ಬರ ಮಾಡಲೆಂದು 1975ರಲ್ಲಿಯೇ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮ ಸ್ಥಾಪನೆಯಾಗಿತ್ತು. ಆದರೆ ನಗರ ಬೆಳೆದಂತೆಲ್ಲ ಬೆರಕೆ ಕಸವನ್ನು ಲಾರಿಗಳಲ್ಲಿ ಹೊರವಲಯದ ಹಳ್ಳಿಗಳಿಗೆ ಸಾಗಿಸುವುದೇ ವಾಡಿಕೆಯಾಯಿತು. ನಗರದ ಉತ್ತರಕ್ಕೆ ಮಾವಳ್ಳಿಪುರ, ಪೂರ್ವಕ್ಕೆ ಮಂಡೂರು ಆ ಹೊರೆಯನ್ನು ಹೊತ್ತವು. ದುರ್ನಾತ, ನೊಣ, ಕೆಟ್ಟ ನೀರು ಇವುಗಳಿಂದ ಬೇಸತ್ತ ಗ್ರಾಮಸ್ಥರು ಪ್ರತಿಭಟಿಸಿದರು. 2012ರಲ್ಲಿ ಮಾವಳ್ಳಿಪುರದ ಬಾಗಿಲು ಮುಚ್ಚಿದಾಗ ಉದ್ಯಾನನಗರಿಯ ಬೀದಿಬೀದಿಗಳಲ್ಲಿ ಕಸ ಗುಡ್ಡೆ ಬಿದ್ದಿತು. ಅದೇ ವರ್ಷ ರಾಜ್ಯದ ಉಚ್ಚ ನ್ಯಾಯಾಲಯ ಮೂಲದಲ್ಲಿಯೇ ಕಸ ಬೇರ್ಪಡಿಸಬೇಕೆಂದು ಆದೇಶಿಸಿತು. 2014ರಲ್ಲಿ ಮಂಡೂರಿನ ಜನ ರಸ್ತೆಗಿಳಿದರು; ಆ ವರ್ಷದ ಕೊನೆಗೆ ಅಲ್ಲಿಗೆ ಕಸ ಹೋಗುವುದು ನಿಂತಿತು.

ಈ ಕಥೆಯ ಹಿಂದೆ ಇನ್ನೊಂದು ಎಳೆಯಿದೆ. 1994ರಲ್ಲಿ ಸೂರತ್ತಿನಲ್ಲಿ ಪ್ಲೇಗ್ ಕಾಣಿಸಿಕೊಂಡು ದೇಶವೇ ನಡುಗಿದ ಬಳಿಕ, ಬೆಂಗಳೂರಿನ ನಿವಾಸಿ ಅಲ್ಮಿತ್ರಾ ಪಟೇಲ್ ಅವರು 1996ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ಸಾರ್ವಜನಿಕ ಹಿತಾಸಕ್ತಿಯ ಮೊಕದ್ದಮೆ ಹೂಡಿದರು. ಅದರ ಫಲವಾಗಿ 2000ದಲ್ಲಿ ನಗರ ಘನತ್ಯಾಜ್ಯ ನಿಯಮಗಳು ಬಂದವು. 2016ರ ನಿಯಮಗಳು ಮನೆಯಲ್ಲಿಯೇ ಹಸಿ, ಒಣ, ಅಪಾಯಕಾರಿ ಕಸಗಳನ್ನು ಬೇರ್ಪಡಿಸಬೇಕೆಂದೂ, ದೊಡ್ಡ ವಸತಿ ಸಮುಚ್ಚಯಗಳು ಸಾಧ್ಯವಾದಷ್ಟು ಹಸಿಕಸವನ್ನು ತಮ್ಮ ಆವರಣದಲ್ಲಿಯೇ ಗೊಬ್ಬರ ಮಾಡಬೇಕೆಂದೂ ವಿಧಿಸಿದವು. ಎಚ್.ಎಸ್.ಆರ್. ಬಡಾವಣೆಯ ನಾಗರಿಕರು ಮುಂದಾಗಿ ಕಟ್ಟಿದ ಸ್ವಚ್ಛಾಗ್ರಹ ಕಲಿಕಾ ಕೇಂದ್ರದಲ್ಲಿ ಗೊಬ್ಬರ ಮಾಡುವ ಹಲವು ಬಗೆಯ ತೊಟ್ಟಿಗಳನ್ನು ಇಟ್ಟು ಆಸಕ್ತರಿಗೆ ತೋರಿಸಿಕೊಡುತ್ತಾರೆ. ಮಾವಳ್ಳಿಪುರದ ತಾಯಿಯೊಬ್ಬಳು ಅನುಭವಿಸಿದ ಸಂಕಟ ನಗರದ ಅಡಿಗೆಮನೆಯೊಂದರ ಉದಾಸೀನದಲ್ಲಿ ಹುಟ್ಟಿತ್ತು ಎಂಬುದನ್ನು ನಾವು ಮರೆಯಬಾರದು.

ಈ ನೆಲದ ಅನುಭವ

ನಾವೀಗ ಬಾಳುತ್ತಿರುವ ಈ ದೇಶ ಮೊದಲಿನಿಂದಲೂ ಎಲ್ಲವನ್ನೂ ಬಲ್ಲದಾಗಿತ್ತೆಂದು ತಿಳಿಯಬೇಡಿ. ಉತ್ತರದ ಗ್ರೋನಿಂಗನ್ ನಗರಕ್ಕೆ ಉರುವಲಿನ ಪೀಟ್ ಮಣ್ಣನ್ನು ಹೊತ್ತು ತರುತ್ತಿದ್ದ ದೋಣಿಗಳು, ಮರಳುವಾಗ ನಗರದ ಕಸವನ್ನೂ ಮಲವನ್ನೂ ಹೊತ್ತೊಯ್ದು ಪೀಟ್ ತೆಗೆದು ಬರಡಾದ ನೆಲಕ್ಕೆ ಗೊಬ್ಬರವಾಗಿ ಕೊಡುತ್ತಿದ್ದವು. 1929ರಲ್ಲಿ ಸ್ಥಾಪನೆಯಾದ ವಾಮ್ ಎಂಬ ಕಸ ಸಾಗಣೆ ಸಂಸ್ಥೆ ಹೇಗ್ ನಗರದ ಕಸವನ್ನು ರೈಲುಗಳಲ್ಲಿ ಡ್ರೆಂಟೆ ಪ್ರಾಂತದ ವೈಸ್ಟರ್ ಎಂಬ ಹಳ್ಳಿಗೆ ಒಯ್ದು, ರಾಶಿ ಹಾಕಿ, ನೀರುಣಿಸಿ ಕೊಳೆಸಿ, ಆ ಗೊಬ್ಬರವನ್ನು ಬಡ ಮರಳುನೆಲಕ್ಕೆ ಒದಗಿಸಿತು. ಕಸದಲ್ಲಿ ಬೂದಿ, ಸಿಪ್ಪೆ, ಸೊಪ್ಪು ಇರುವವರೆಗೆ ಇದು ಚೆನ್ನಾಗಿ ನಡೆಯಿತು. ಗಾಜು, ಪ್ಲಾಸ್ಟಿಕ್, ಬ್ಯಾಟರಿಗಳು ಕಸದಲ್ಲಿ ಬೆರೆತ ಮೇಲೆ ಆ ಗೊಬ್ಬರದಲ್ಲಿ ಭಾರಲೋಹಗಳೂ ಚೂರುಗಳೂ ಕಾಣಿಸಿಕೊಂಡು ರೈತರ ವಿಶ್ವಾಸ ಕುಸಿಯಿತು. ಗೊಬ್ಬರ ಮಾಡುವ ಕ್ರಮ ಹಾಳಾಗಿರಲಿಲ್ಲ. ಒಳಗೆ ಹೋಗುವ ಕಸ ಹಾಳಾಗಿತ್ತು. ಆ ಅನುಭವದ ಬಳಿಕವೇ 1994ರಿಂದ ತರಕಾರಿ, ಹಣ್ಣು ಮತ್ತು ಕೈತೋಟದ ಕಸವನ್ನು ಪ್ರತ್ಯೇಕವಾಗಿ ಸಂಗ್ರಹಿಸುವುದು ಇಲ್ಲಿನ ಪುರಸಭೆಗಳ ಕರ್ತವ್ಯವಾಯಿತು. ಜಿ.ಎಫ್.ಟಿ. ಎಂದು ನಾವು ಮಕ್ಕಳಿಂದ ಕಲಿತ ಅಕ್ಷರಗಳು ಇವೇ.

ಡೀಮೆನ್ನಿನ ಪಕ್ಕದಲ್ಲಿಯೇ ಇನ್ನೊಂದು ಪಾಠ ಮಲಗಿದೆ. ಹಳೆಯ ಕಡಲ ಏರಿಯಾದ ಡೀಮರ್‌ಝೇಡೈಕ್ ಬಳಿ ದಶಕಗಳ ಕಾಲ ಮನೆಕಸವನ್ನೂ ರಾಸಾಯನಿಕ ಕಸವನ್ನೂ ಸುರಿಯುತ್ತಿದ್ದರು, ಸುಡುತ್ತಿದ್ದರು. ಆ ವಿಷವನ್ನು ತೆಗೆದುಹಾಕಲಾಗದೆ, ಸುತ್ತ ನೆಲದಾಳಕ್ಕೆ ಗೋಡೆ ಇಳಿಸಿ, ಮೇಲೆ ಹೊದಿಕೆ ಹಾಸಿ, ಶುದ್ಧ ಮಣ್ಣು ಹಾಕಿ ಬಂಧಿಸಬೇಕಾಯಿತು. ಇಂದು ನಮ್ಮ ಮಕ್ಕಳು ಸೈಕಲ್ ಓಡಿಸುವ ಡೀಮರ್‌ಪಾರ್ಕ್ ಇರುವುದು ಅದರ ಮೇಲೆ. ಉದ್ಯಾನ ಸುಂದರವಾಗಿದೆ, ಸುರಕ್ಷಿತವಾಗಿದೆ. ಆದರೆ ಕೆಳಗಿನ ಕಸ ಮುಂದಿನ ಪೀಳಿಗೆಗಳ ಕಾವಲಿನಲ್ಲಿಯೇ ಇರಬೇಕಾಗಿದೆ. ಬೇರ್ಪಡಿಸಿದ ಸಿಪ್ಪೆ ಕೆಲವೇ ತಿಂಗಳಲ್ಲಿ ಮಣ್ಣಾಗಿ ನಮ್ಮ ಋಣ ತೀರಿಸುತ್ತದೆ; ಬೆರೆಸಿ ಹೂತ ಕಸ ಋಣವಾಗಿ ಮೊಮ್ಮಕ್ಕಳಿಗೆ ಉಳಿಯುತ್ತದೆ.

ನೆರೆಯ ಆಮ್‌ಸ್ಟರ್‌ಡಾಮಿನ ಬೀದಿಗಳಲ್ಲಿ ನೀವು ಎರೆಹುಳುಗಳ ಹೋಟೆಲುಗಳನ್ನು ನೋಡಿರಬಹುದು. ಮರದ ದೊಡ್ಡ ಪೆಟ್ಟಿಗೆ, ಅದಕ್ಕೊಂದು ಬೀಗ, ಬೀದಿಯ ಕೆಲವು ಕುಟುಂಬಗಳು ಅದರ ಪಾಲುದಾರರು. ಮಹಡಿಮನೆಯಲ್ಲಿದ್ದು ಹಿತ್ತಲಿಲ್ಲದವರೂ ತಮ್ಮ ಸಿಪ್ಪೆಯನ್ನು ಅಲ್ಲಿ ಹಾಕುತ್ತಾರೆ, ಗೊಬ್ಬರವಾದಾಗ ಒಟ್ಟಾಗಿ ತೆಗೆದು ಹಂಚಿಕೊಳ್ಳುತ್ತಾರೆ. ಪರಸ್ಪರ ಹೆಸರೂ ತಿಳಿಯದಿದ್ದ ನೆರೆಹೊರೆಯವರು ಅದರ ನೆವದಿಂದ ಪರಿಚಿತರಾಗುತ್ತಾರೆ. ನಮ್ಮ ಊರಿನ ತಿಪ್ಪೆಯ ಮರುಹುಟ್ಟೆಂದೇ ನಾನು ಅದನ್ನು ಭಾವಿಸುತ್ತೇನೆ.

ಟ್ಯುಲಿಪ್ ಗಡ್ಡೆ ಮತ್ತು ಶ್ವಾಸಕೋಶ

ಈಗ ವೈದ್ಯನಾಗಿ ಒಂದು ಎಚ್ಚರಿಕೆಯ ಮಾತು. ಕೊಳೆಯುವ ಎಲೆಗಳಲ್ಲಿ ಆಸ್ಪರ್ಜಿಲಸ್ ಎಂಬ ಬೂಷ್ಟು ಸಹಜವಾಗಿ ಬೆಳೆಯುತ್ತದೆ. ಆರೋಗ್ಯವಂತರು ಅದರ ಬೀಜಕಣಗಳನ್ನು ದಿನವೂ ಉಸಿರಾಡಿ ಅರಗಿಸಿಕೊಳ್ಳುತ್ತಾರೆ. ಆದರೆ ರಕ್ತದ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿರುವವರಿಗೆ, ಅಂಗಾಂಗ ಕಸಿ ಮಾಡಿಸಿಕೊಂಡವರಿಗೆ ಅದು ಮಾರಕವಾಗಬಲ್ಲದು. ಅದಕ್ಕೆ ನಮ್ಮಲ್ಲಿರುವ ಮುಖ್ಯ ಔಷಧಿ ಏಜೋಲ್ ವರ್ಗದ್ದು. 2007ರಲ್ಲಿ ನೈಮೇಖನ್ ನಗರದ ಸಂಶೋಧಕರು ಈ ಔಷಧಿಗಳಿಗೆ ಬಗ್ಗದ ಬೂಷ್ಟು ಈ ದೇಶದ ರೋಗಿಗಳಲ್ಲಿ ಕಾಣಿಸಿಕೊಂಡಿದೆಯೆಂದು ವರದಿ ಮಾಡಿದರು. ಎಂದೂ ಆ ಔಷಧಿ ಸೇವಿಸದವರಲ್ಲಿಯೂ ಅದು ಕಂಡುಬಂದಿತು. ಮೂಲ ಎಲ್ಲಿ? ಅದೇ ವರ್ಗದ ರಾಸಾಯನಿಕಗಳನ್ನು ಹೊಲಗಳಲ್ಲಿ, ವಿಶೇಷವಾಗಿ ಹೂವಿನ ಗಡ್ಡೆಗಳ ಬೇಸಾಯದಲ್ಲಿ ಶಿಲೀಂಧ್ರನಾಶಕವಾಗಿ ಬಳಸುತ್ತಾರೆ. 2019ರಲ್ಲಿ ಪ್ರಕಟವಾದ ಇಲ್ಲಿನ ಅಧ್ಯಯನವೊಂದು ಹೂವಿನ ಗಡ್ಡೆಗಳ ಕಸದ ರಾಶಿ, ಹಸಿರು ಕಸದ ರಾಶಿ, ಮರದ ಚಕ್ಕೆಗಳ ರಾಶಿಗಳನ್ನು ಇಂಥ ಬೂಷ್ಟಿನ ನೆಲೆಗಳೆಂದು ಗುರುತಿಸಿತು.

ಇದರಿಂದ ಗೊಬ್ಬರ ಮಾಡುವುದೇ ತಪ್ಪೆಂದು ತೀರ್ಮಾನಿಸಬೇಕಾಗಿಲ್ಲ. ರಾಸಾಯನಿಕ ಉಳಿದಿರುವ ಕಸವನ್ನು ಮಗುಚದೆ, ಬಿಸಿಯೇರಿಸದೆ ತಿಂಗಳುಗಟ್ಟಲೆ ರಾಶಿ ಹಾಕಿಡುವುದು ಅಪಾಯ. ಚೆನ್ನಾಗಿ ಬಿಸಿಯೇರಿಸಿ ಮಾಡಿದ ಗೊಬ್ಬರದಲ್ಲಿ ಈ ಬೂಷ್ಟು ಬಹಳ ಮಟ್ಟಿಗೆ ಇಳಿಯುತ್ತದೆ. ನಾವು ಮನೆಯಲ್ಲಿ ಪಾಲಿಸಬೇಕಾದ ನಿಯಮಗಳು ಸರಳ. ಒಣಗಿದ ಗೊಬ್ಬರವನ್ನು ಕೆದಕುವ ಮೊದಲು ನೀರು ಚಿಮುಕಿಸಿ. ಚೀಲ ಬಿಚ್ಚುವಾಗ ಮುಖವನ್ನು ದೂರವಿಡಿ. ಕೈಗವಸು ಧರಿಸಿ, ಕೆಲಸವಾದ ಮೇಲೆ ಸೋಪಿನಿಂದ ಕೈ ತೊಳೆಯಿರಿ. ಧನುರ್ವಾಯುವಿನ ಚುಚ್ಚುಮದ್ದು ಯಾವಾಗ ಆಗಿದೆಯೆಂದು ನೋಡಿಕೊಳ್ಳಿ. ಮನೆಯಲ್ಲಿ ರೋಗನಿರೋಧಕ ಶಕ್ತಿ ಕುಂದಿದವರಿದ್ದರೆ, ತೀವ್ರ ಉಬ್ಬಸದವರಿದ್ದರೆ, ಗೊಬ್ಬರ ಮಗುಚುವ ಕೆಲಸ ಅವರಿಗೆ ಬೇಡ.

ನಮ್ಮ ಪಾಲಿನ ಕೆಲಸ

ನಮ್ಮ ಬಳಗದ ಹಬ್ಬಗಳನ್ನೇ ತೆಗೆದುಕೊಳ್ಳಿ. ಯುಗಾದಿಯ ಮಾವಿನ ತೋರಣ, ಗಣೇಶನಿಗೆ ಏರಿಸಿದ ಗರಿಕೆ, ಬಾಳೆ ಎಲೆಯ ಊಟ, ಹೂವಿನ ರಾಶಿ ಎಲ್ಲವೂ ಒಳ್ಳೆಯ ಗೊಬ್ಬರವಾಗಬಲ್ಲವು. ಪ್ಲಾಸ್ಟಿಕ್ ದಾರವನ್ನೂ ಜರಿಯನ್ನೂ ಬಿಡಿಸಿ ಹೂವನ್ನು ಬೇರೆ ಇಡಲು ಹತ್ತು ನಿಮಿಷ ಸಾಕು. ಆ ಹತ್ತು ನಿಮಿಷವನ್ನು ಪೂಜೆಯ ಭಾಗವೆಂದೇ ತಿಳಿಯೋಣ. ಮುಂದಿನ ಹಬ್ಬದಲ್ಲಿ ಊಟದ ಸಭಾಂಗಣದ ಬಾಗಿಲಲ್ಲಿ ಎರಡು ತೊಟ್ಟಿಗಳನ್ನಿಟ್ಟು, ಅವುಗಳ ಮೇಲ್ವಿಚಾರಣೆಯನ್ನು ಮಕ್ಕಳಿಗೆ ವಹಿಸಿ. ಅವರು ಹಿರಿಯರನ್ನು ಬಿಡದೆ ತಿದ್ದುತ್ತಾರೆ.

ಇನ್ನೊಂದು ಮಾತನ್ನು ಸಂಕೋಚವಿಲ್ಲದೆ ಹೇಳುತ್ತೇನೆ. ನಮ್ಮಲ್ಲಿ ಅನೇಕರಿಗೆ ಬೆಂಗಳೂರಿನಲ್ಲಿ, ಮೈಸೂರಿನಲ್ಲಿ ಫ್ಲ್ಯಾಟುಗಳಿವೆ. ಅವುಗಳ ಬಾಡಿಗೆ, ತೆರಿಗೆಗಳ ವಿಚಾರವನ್ನು ದೂರವಾಣಿಯಲ್ಲಿ ಚೆನ್ನಾಗಿ ವಿಚಾರಿಸಿಕೊಳ್ಳುತ್ತೇವೆ. ಆ ಸಮುಚ್ಚಯದ ಹಸಿಕಸ ಎಲ್ಲಿಗೆ ಹೋಗುತ್ತದೆಯೆಂದು ನಮ್ಮಲ್ಲಿ ಎಷ್ಟು ಮಂದಿ ಕೇಳಿದ್ದೇವೆ? ನಿವಾಸಿಗಳ ಸಂಘಕ್ಕೆ ಮಾಲೀಕರಾಗಿ ಒಂದು ಪತ್ರ ಬರೆಯಿರಿ. ಗೊಬ್ಬರದ ತೊಟ್ಟಿಗೆ ನಿಮ್ಮ ಪಾಲಿನ ಹಣವನ್ನು ಮೊದಲು ಕೊಡಿ. ಇಲ್ಲಿ ನಾಲ್ಕು ಬಣ್ಣದ ತೊಟ್ಟಿಗಳನ್ನು ಶಿಸ್ತಿನಿಂದ ಬಳಸುವ ನಾವು, ರಜೆಗೆ ಊರಿಗೆ ಹೋದಾಗ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ ಗೇಟಿನ ಹೊರಗಿಟ್ಟರೆ, ನಾವು ಕಲಿತದ್ದು ಶಿಸ್ತಲ್ಲ, ದಂಡದ ಭಯ ಮಾತ್ರ.

ಹಾಗೆಯೇ ಆ ಚೀಲವನ್ನು ಬಿಚ್ಚುವ ಪೌರಕಾರ್ಮಿಕರನ್ನು ನೆನೆಯಿರಿ. ಬೆರೆತ ಕಸದಲ್ಲಿ ಅಡಗಿರುವ ಒಡೆದ ಗಾಜು, ಬಳಸಿದ ಸೂಜಿ, ರಕ್ತ ಹತ್ತಿದ ಬಟ್ಟೆ ಮೊದಲು ತಾಗುವುದು ಅವರ ಕೈಗೆ. ಕಾಮಾಲೆಯಂಥ ಸೋಂಕುಗಳು ಹರಡುವ ಒಂದು ದಾರಿ ಇದು. ನಮ್ಮ ಅಡಿಗೆಮನೆಯಲ್ಲಿ ಎರಡು ಬುಟ್ಟಿಗಳಿದ್ದರೆ ಅವರ ಕೈಗಳು ಉಳಿಯುತ್ತವೆ. ವೈದ್ಯನಾಗಿ ನಾನು ಬರೆದುಕೊಡಬಹುದಾದ ಔಷಧಿಗಳಲ್ಲಿ ಇಷ್ಟು ಅಗ್ಗದ್ದು, ಇಷ್ಟು ಜನರಿಗೆ ಒಮ್ಮೆಲೇ ಫಲ ಕೊಡುವಂಥದ್ದು ಬೇರೊಂದಿಲ್ಲ.

 ಪ್ರಶ್ನೆಗಳಿದ್ದರೆ ಕಾಫಿಯ ವೇಳೆ ಕೇಳಬಹುದು. ರಕ್ತದೊತ್ತಡದ ಕುರಿತಾದರೂ ಅಡ್ಡಿಯಿಲ್ಲ.